ನನ್ನ ಕರುಳೂ ಬೀಗರೂಟದ ಬೋಟಿಯೂ

ದಾರಿಯಲ್ಲಿ ಹೋಗುವಾಗ ಕೆಲವರಿಗೆ ದುಡ್ಡು ಸಿಗುತ್ತೆ, ಕೆಲವರಿಗೆ ಹಾವು ಸಿಗುತ್ತೆ. ನನಗೆ ಮಾತ್ರ ಎತ್ತ ಹೋದರೂ ನಗೆಪಾಟಲೇ ಸಿಗೋದು. ಅದೂ ಈಚೆಗೆ ನನ್ನ ದೊಡ್ಡ ಕರುಳು ಕೆಟ್ಟ ಮೇಲೆ ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ನನ್ನ ವಿಳಾಸ ಕೇಳಿಕೊಂಡು ಬರುತ್ತೆ.

ಮೊದಲು ನಾನು ಎಂಥವನು ಅಂತ ಹೇಳಿಬಿಡ್ತೀನಿ. ಹುಣಸೂರು ತಾಲ್ಲೂಕಿನವನು, ಹೊಗೆಸೊಪ್ಪು ಜೋಳ ಬೆಳೆಯೋನು. ಶಾಲೆ ಕಂಡವನಲ್ಲ, ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಅದಕ್ಕೇ ನನ್ನ ಬರವಣಿಗೆ ಅಲ್ಲಲ್ಲಿ ನಿಂತು ಜನ ಹತ್ತಿಸಿಕೊಂಡು ಹೋಗುತ್ತೆ. ಆದರೆ ಊಟದಲ್ಲಿ ನನ್ನ ಮೀರಿಸಿದವರಿಲ್ಲ. ಪಿರಿಯಾಪಟ್ಟಣದ ಒಂದು ಬಾಡೂಟದಲ್ಲಿ ನಾನು ಪಂಕ್ತಿಗೆ ಕೂತದ್ದು ಕಂಡೇ ಅಡುಗೆಯವನು ಇನ್ನೊಂದು ಒಲೆ ಹಚ್ಚಿದ. ಕೆ.ಆರ್. ನಗರದಲ್ಲಿ ನಾನು ಮುದ್ದೆ ನುಂಗುವಾಗ ಎಣಿಸ್ತಾ ಕೂತವನು ಸುಸ್ತಾಗಿ ನಿದ್ದೆ ಹೋದ, ಅವನನ್ನ ಎಬ್ಬಿಸಿ ಕೈ ತೊಳೆಸಿದ್ದು ನಾನು. ನಂಬಿದರೆ ನಂಬಿ, ಇಲ್ಲದಿದ್ರೆ ಬುಡಿ.

ನುಂಗುವ ವಿದ್ಯೆ

ನನ್ನ ಮೊಮ್ಮಗಳಿಗೆ ಭೇರ್ಯದ ಕಡೆ ಗಂಡು ಗೊತ್ತಾಯಿತು. ಹುಡುಗನ ತಾತನೂ ಆ ಸೀಮೆಗೆ ಹೆಸರಾದ ಉಣ್ಣಾಳು. ವೀಳ್ಯಶಾಸ್ತ್ರದ ದಿನ ಹೆಣ್ಣು ಗಂಡಿನ ವಿಚಾರ ಮುಗಿಯೋ ಮೊದಲೇ ನಾವಿಬ್ಬರು ಮುದುಕರು ಜಗಲಿ ಮೇಲೆ ಜಂಬ ಕೊಚ್ಚೋಕೆ ಶುರು ಮಾಡಿದೆವು. ಅವರು ಒಂದು ಮರಿ ಉಂಡೆ ಅಂದರೆ ನಾನು ಅದರ ತಾಯಿಯನ್ನೂ ಉಂಡೆ ಅಂದೆ. ಕೊನೆಗೆ ಎರಡೂ ಕಡೆಯವರ ಎದುರಿಗೇ ಮಾತಾಯಿತು: ಮದುವೆ ಆಗಿ ನಮ್ಮೂರಲ್ಲಿ ಗಂಡಿನ ಕಡೆಯವರಿಗೆ ಬೀಗರೂಟ ಹಾಕುವ ದಿನ ಇಬ್ಬರಿಗೂ ಪಕ್ಕಪಕ್ಕ ಎಲೆ. ಯಾರು ಮೊದಲು ಎದ್ದು ಕೈ ತೊಳೀತಾರೋ ಅವರು ಸೋತ ಹಾಗೆ.

ಆ ಮಾತು ಆಡುವಾಗ ನನ್ನ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗ್ತಿತ್ತು. ಕೆಲವು ವಾರದಿಂದ ಹಾಗೇ. ಉಂಡ ತಕ್ಷಣ ಓಡಬೇಕು, ಓಡಿದರೆ ರಕ್ತ, ಲೋಳೆ. ಯಾರಿಗೂ ಹೇಳಿರಲಿಲ್ಲ. ಹುಲಿಗೆ ಹೊಟ್ಟೆನೋವು ಅಂತ ಗೊತ್ತಾದ ಮೇಲೆ ಮೇಕೆಗಳು ಸುಮ್ಮನೆ ಇರ್ತವಾ? ಆದರೆ ನಮ್ಮವಳ ಕಣ್ಣಿಗೆ ಮಣ್ಣೆರಚೋಕೆ ಆಗಲಿಲ್ಲ. ಬಚ್ಚಲ ಕಡೆ ನಾನು ಹೋಗಿ ಬರೋದನ್ನ ನೋಡಿ, ಸೀರೆ ಬದಲಾಯಿಸಿ, ನನ್ನನ್ನ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಧಾರವಾಡದ ಕಡೆಯವರು. ಹೊಟ್ಟೆ ಒತ್ತಿ ನೋಡಿ, ಏನೇನು ತಿಂತೀರಿ ಅಂತ ಕೇಳಿದರು. ನಾನು ಹೇಳ್ತಾ ಹೋದೆ, ಅವರು ಬರೆಯೋದು ನಿಲ್ಲಿಸಿ ನನ್ನ ಮುಖವನ್ನೇ ನೋಡ್ತಾ ಕೂತರು. ಆಮೇಲೆ, ಏನೇ ತಿಂದರೂ ಚೆನ್ನಾಗಿ ಅಗಿದು ತಿನ್ನಿ ಅಂದರು. ನನಗೆ ನಗು ಬಂತು. ಮುದ್ದೆ ಅಗಿಯೋ ಪದಾರ್ಥ ಅಲ್ಲ, ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಸಾರಲ್ಲಿ ಅದ್ದಿ ನುಂಗಬೇಕು ಅಂತ ಅವರಿಗೇ ಪಾಠ ಹೇಳಿದೆ.

ಹಾಗಾದರೆ ಮುದ್ದೆ ಬಾಯಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ಕೇಳಿದರು.

“ಇರೋದೇ ಇಲ್ಲ ಡಾಕ್ಟ್ರಮ್ಮ. ಬಾಯಿ ಬರೀ ದಾರಿ. ಬಸ್ಸು ನಿಲ್ಲೋ ಜಾಗ ಅಲ್ಲ,” ಅಂದೆ.

“ಹಂಗಾರ ಬಾಯಿ ಮಾಡೋ ಕೆಲಸಾನೂ ನಿಮ್ಮ ಕರುಳೇ ಮಾಡಾಕತ್ತೈತಿ. ಬಾಯಿನ ಬರೇ ಮಾತಾಡಾಕ ಇಟ್ಕೊಂಡೀರೇನ್ರೀ?”

ಪಕ್ಕದಲ್ಲಿದ್ದ ನಮ್ಮವಳು ಅಂದಳು, “ಊಂ ಡಾಕ್ಟ್ರಮ್ಮ, ಅದಕ್ಕೇ ಮಡಗವ್ರೆ.”

ಬೀಚನಹಳ್ಳಿ ಕರಡಿ

ದೊಡ್ಡ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಮೈಸೂರಿಗೆ ಹೋಗಿ ಅಂತ ಡಾಕ್ಟರಮ್ಮ ಚೀಟಿ ಕೊಟ್ಟರು. ಅಲ್ಲಿಯವರೆಗೆ ಖಾರ, ಎಣ್ಣೆಯಲ್ಲಿ ಕರಿದದ್ದು, ಮಟನ್ನು, ಕುರಿ ಕರುಳಿನ ಬೋಟಿ, ಬೀಡಿ ಯಾವುದೂ ಬೇಡ ಅಂದರು. ನಾನು ಗಮನ ಇಟ್ಟು ಕೇಳಿಸಿಕೊಂಡೆ. ಆ ಪಟ್ಟಿಯಲ್ಲಿ ಮೀನು ಇರಲಿಲ್ಲ. ಬಿಟ್ಟದ್ದು ಅವರ ತಪ್ಪು, ನನ್ನದಲ್ಲ.

ನನ್ನ ಬಾಮೈದ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಕೆಲಸದಲ್ಲಿದ್ದಾನೆ. ಮದುವೆಗೆ ಕರೆಯೋ ನೆಪ ಮಾಡಿಕೊಂಡು ಒಬ್ಬನೇ ಅಲ್ಲಿಗೆ ಹೋದೆ. ಕಬಿನಿ ಮೀನು ಹಿಡಿದು ತಂದಿದ್ದ. ಸಾರು ಎಷ್ಟು ಕೆಂಪಗಿತ್ತು ಅಂದರೆ ತಟ್ಟೆಯ ಬೆಳಕಿಗೆ ನನ್ನ ಮುಖ ಕೆಂಪಾಗಿ ಕಂಡಿತಂತೆ. ಉಂಡೆ. ಉಂಡೆ ಅನ್ನೋದು ಸಣ್ಣ ಮಾತು, ನದಿಯ ಕಡೆಯಿಂದ ದೂರು ಬರೋಷ್ಟು ಉಂಡೆ.

ಬೆಳಿಗ್ಗೆ ಮಂಜು ಕವಿದಿದೆ, ಚಳಿ. ಹೊಟ್ಟೆಯಲ್ಲಿ ನಗಾರಿ. ಎದ್ದು ಓಡಿದರೆ ಬಚ್ಚಲ ಬಾಗಿಲು ಹಾಕಿದೆ. ಒಳಗೆ ಬಾಮೈದನ ಮಗಳು ಕಾಲೇಜಿಗೆ ತಯಾರಾಗ್ತಾ ಇದ್ದಾಳೆ. ಬಾಗಿಲು ತಟ್ಟೋಕೆ ದೊಡ್ಡವನಾದ ನನಗೆ ನಾಚಿಕೆ. ಕರಿ ಕಂಬಳಿ ತಲೆ ಮೇಲಿಂದ ಹೊದ್ದುಕೊಂಡು ಹಿನ್ನೀರಿನ ಕಡೆ ಓಡಿದೆ, ಲಂಟಾನದ ಪೊದೆ ಹಿಂದೆ ಕೂತೆ.

ಕೂತ ಗಳಿಗೆಯಲ್ಲೇ ರಸ್ತೆ ಮೇಲೆ ರೆಸಾರ್ಟಿನ ಗಾಡಿ ಬಂದು ನಿಂತಿತು. ಹಕ್ಕಿ ನೋಡೋಕೆ ಹೊರಟ ಜನ. ಅದರಲ್ಲಿ ಒಬ್ಬರು ಪೊದೆ ಕಡೆ ಕೈ ತೋರಿಸಿ, ಕರ್ರಗೆ ದಪ್ಪಗೆ ಏನೋ ಅಲ್ಲಾಡ್ತಿದೆ ಅಂದರು. ಎಲ್ಲರ ಕ್ಯಾಮೆರಾ ನನ್ನ ಕಡೆ ತಿರುಗಿತು. ಏಳೋ ಹಾಗಿಲ್ಲ, ಓಡೋ ಹಾಗಿಲ್ಲ. ಅಷ್ಟರಲ್ಲಿ ಹೊಟ್ಟೆ ಹಿಂಡಿತು, ನನ್ನ ಬಾಯಿಂದ ನರಳಾಟ ಬಂತು. ಗಾಡಿಯಲ್ಲಿದ್ದವರು ಗರ್ಜನೆ ಕೇಳಿ ಪುಳಕಗೊಂಡರು. ಗಾಡಿ ಓಡಿಸೋನು ಆ ಊರಿನವನೇ, ನನ್ನ ಕಂಬಳಿಯ ಗುರುತು ಇದ್ದವನು. ಬಗ್ಗಿ ನೋಡಿದ. ಅವನಿಗೆ ಅರ್ಥವಾಯಿತು.

“ಯಾರೂ ಇಳೀಬೇಡಿ ಸಾರ್,” ಅಂದ ಮೆಲ್ಲಗೆ. “ಕರಡಿ. ಹುತ್ತ ಬಗೀತಾ ಕೂತದೆ. ಈಗ ಮಾತಾಡಿಸಿದ್ರೆ ಬಲು ಕ್ವಾಪ ಮಾಡ್ಕೋತದೆ.”

ಗಾಡಿ ಹೋಗೋವರೆಗೆ ನಾನು ಕರಡಿಯಾಗಿಯೇ ಕೂತಿದ್ದೆ. ಯಾವ ಊರಲ್ಲಿ ಯಾರ ಮನೆ ಗೋಡೆ ಮೇಲೆ ನನ್ನ ಫೋಟೋ ತೂಗಾಡ್ತಿದೆಯೋ ಗೊತ್ತಿಲ್ಲ. ಸಂಜೆ ಟೀ ಅಂಗಡಿಯಲ್ಲಿ ಆ ಡ್ರೈವರು ಸಿಕ್ಕಿದ. ಮರ್ಯಾದೆ ಉಳಿಸಿದೆ ಕಣಪ್ಪ, ಎಲ್ಲಾ ರಾತ್ರಿಯ ಮೀನು ಸಾರಿನ ಕೆಲಸ ಅಂತ ಕೈ ಮುಗಿದೆ. ಅವನು ನನಗೆ ತಾನೇ ಟೀ ಕೊಡಿಸಿ, ಗಿರಾಕಿಗಳು ಖುಷಿಯಾಗಿ ಕೈ ತುಂಬ ಭಕ್ಷೀಸು ಕೊಟ್ಟರು ಅಂತ ಹೇಳಿ, ಹತ್ತಿರ ಬಂದು ಕೇಳಿದ:

“ತಾತ, ಇವತ್ತೂ ಮೀನು ಸಾರೇನಾ?”

ಒಳಗಿನ ಸಿನಿಮಾ

ಮೈಸೂರಿನ ದೊಡ್ಡ ಡಾಕ್ಟರು ಪರೀಕ್ಷೆಗೆ ದಿನ ಕೊಟ್ಟರು. ಹಿಂದಿನ ದಿನ ಗಟ್ಟಿ ಪದಾರ್ಥ ಯಾವುದೂ ತಿನ್ನಬಾರದು, ನೀರಿನಂಥದ್ದು ಮಾತ್ರ ಕುಡೀಬೇಕು, ಆಮೇಲೆ ಒಂದು ಔಷಧಿ ಕುಡಿದರೆ ಕರುಳು ತೊಳೆದ ಪಾತ್ರೆ ಥರ ಆಗುತ್ತೆ ಅಂದರು. ಆ ಔಷಧಿಯ ವಿಷಯ ಏನು ಹೇಳಲಿ. ನಮ್ಮ ಬಾಮೈದ ಮಳೆಗಾಲದಲ್ಲಿ ಅಣೆಕಟ್ಟೆಯ ಗೇಟು ಎತ್ತೋದನ್ನ ನೋಡಿದ್ದೀನಿ. ಅದು ನೋಡೋಕೆ ಚೆನ್ನ, ಅಷ್ಟೇ.

ಗೇಟು ಎತ್ತಿ ಎತ್ತಿ ನನ್ನ ಕೈಕಾಲು ಬಿದ್ದುಹೋಯಿತು. ಹೊರಡೋ ಮೊದಲು ಏನಾದರೂ ಕುಡಿಯೋಣ ಅಂತ ಅಡುಗೆ ಮನೆಗೆ ಹೋದೆ. ಒಲೆ ಮೇಲೆ ಹುರುಳಿಕಾಳಿನ ಕಟ್ಟು ಇತ್ತು. ಗೊತ್ತಲ್ಲ, ಹುರುಳಿ ಬೇಯಿಸಿ, ಕಾಳು ಪಲ್ಯಕ್ಕೆ ಬಿಟ್ಟು, ಬಸಿದ ನೀರನ್ನ ಬಸ್ಸಾರಿಗೆ ಎತ್ತಿಡ್ತೀವಲ್ಲ, ಅದು. ಕೈ ಹಾಕಿ ತಡಕಿದೆ, ಒಂದು ಕಾಳೂ ಇಲ್ಲ. ಗಟ್ಟಿ ಇಲ್ಲದ ಮೇಲೆ ಅದು ನೀರೇ ತಾನೆ? ನಮ್ಮೂರಲ್ಲಿ ಯಾರನ್ನ ಬೇಕಾದರೂ ಕೇಳಿ. ಒಂದು ಚೊಂಬು ಕುಡಿದು, ನಿಯಮ ಪಾಲಿಸಿದ ಸಮಾಧಾನದಲ್ಲಿ ಬಸ್ಸು ಹತ್ತಿದೆ.

ಪೂರ್ತಿ ನಿದ್ದೆ ಬರಿಸಬೇಡಿ, ನನ್ನ ಒಳಗನ್ನ ನಾನೂ ನೋಡಬೇಕು ಅಂತ ಹಟ ಮಾಡಿದ್ದೆ. ಪಕ್ಕದಲ್ಲಿ ಟಿವಿ ಇತ್ತು. ನೋಡಿದರೆ ಕಪ್ಪು. ಡಾಕ್ಟರು ಕ್ಯಾಮೆರಾ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಎಲ್ಲಾ ಕಡೆ ನಮ್ಮೂರಿನ ಕರೆಂಟು ಹೋದ ಹಾಗಿತ್ತು. ಹಳೇ ರಕ್ತವೇನೋ ಅಂತ ಅವರ ಮುಖ ಗಂಭೀರವಾಯಿತು. ನರ್ಸಮ್ಮ ಓಡಾಡೋಕೆ ಶುರು ಮಾಡಿದಳು. ಆಗ ನಾನು ಮೆಲ್ಲಗೆ, ಅದು ಹುರುಳಿ ಇರಬೌದು ಡಾಕ್ಟ್ರೇ ಅಂದೆ. ಆ ಮನುಷ್ಯ ಕೈಗವಸು ಬಿಚ್ಚಿ ಹಾಕಿ, ಬೇರೆ ದಿನ ಬನ್ನಿ ಅಂತ ಹೊರಗೆ ಹೋದರು.

ಎರಡನೇ ಸಲಕ್ಕೆ ನಮ್ಮವಳು ಅಡುಗೆ ಮನೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೀರು, ಎಳನೀರು ಬಿಟ್ಟು ಏನೂ ಇಲ್ಲ. ಈ ಸಲ ಟಿವಿ ಬೆಳಗಿತು. ಗುಲಾಬಿ ಬಣ್ಣದ ಗವಿ, ಸುತ್ತಲೂ ಸುಕ್ಕು, ಅಲ್ಲಲ್ಲಿ ಕೆಂಪಗೆ ಕಿತ್ತುಹೋದ ಹುಣ್ಣು. ನನಗೆ ಹಳೇ ಸ್ನೇಹಿತನನ್ನ ಕಂಡ ಹಾಗಾಯಿತು.

“ಥೇಟ್ ಬೋಟಿ ಡಾಕ್ಟ್ರೇ,” ಅಂದೆ. “ಆದ್ರೆ ತೊಳ್ದಿರೋದು ಸಾಲದು. ನಮ್ಮವಳಾದ್ರೆ ಬಿಸಿನೀರು ಅರಿಶಿನ ಹಾಕಿ ಉಜ್ಜೋಳು.”

ಡಾಕ್ಟರು ಟಿವಿಯಿಂದ ಕಣ್ಣು ತೆಗೀಲಿಲ್ಲ. “ಹೊರಗೇ ಕೂತಿದ್ದಾರೆ. ಕರೆಸ್ಲಾ?”

ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದು ಇದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತೆ ಅಂದರು. ಆ ಉತ್ತರ ಬರೋವರೆಗೆ ನಮ್ಮವಳು ನನ್ನ ಜೊತೆ ಜಗಳ ಆಡಲಿಲ್ಲ. ಕೇಳಿದ್ದು ಕೊಟ್ಟಳು, ಅಂದಿದ್ದಕ್ಕೆ ಹೂ ಅಂದಳು. ಕ್ಯಾಮೆರಾ ಹಾಕಿದಾಗ ಹೆದರದ ನಾನು ಅದನ್ನ ಕಂಡು ನಿಜಕ್ಕೂ ಹೆದರಿಬಿಟ್ಟೆ. ಕೊನೆಗೆ ಡಾಕ್ಟರು, ಕೆಟ್ಟದ್ದೇನಿಲ್ಲ, ಕರುಳಿನ ಉರಿಯೂತ, ಮಾತ್ರೆ ಬಿಡದೆ ನುಂಗಿ ಪಥ್ಯ ಮಾಡಿದರೆ ಆರುತ್ತೆ, ಮಾಡದಿದ್ದರೆ ಆಸ್ಪತ್ರೆ ಮಂಚ, ಅದೂ ಮೀರಿದರೆ ಕತ್ತರಿ ಅಂದರು. ವಾಪಸ್ಸು ಬರುವಾಗ ಬಸ್ಸು ಬಿಳಿಕೆರೆ ದಾಟಿದ ಮೇಲೆ ನಮ್ಮವಳು ಬೈಯೋಕೆ ಶುರು ಮಾಡಿದವಳು ಹುಣಸೂರು ಬಂದರೂ ನಿಲ್ಲಿಸಲಿಲ್ಲ. ಹಿಂದಿನ ಸೀಟಿನವರು, ಪಾಪ ಮುದುಕನನ್ನ ಯಾಕಮ್ಮ ಹಿಂಗೆ ಬೈತೀರಿ ಅಂದರು. ನಾನೇ ತಿರುಗಿ ಹೇಳಿದೆ, “ತಡೀಬ್ಯಾಡಿ ಕಣ್ರೀ. ಬಾಳ ದಿನ ಆಗಿತ್ತು.”

ಸೋರೆಕಾಯಿ ದೇವರು

ಮನೆಗೆ ಬಂದರೆ ಮೊಮ್ಮಗಳು ಬಾಗಿಲಲ್ಲೇ ಕೂತಿದ್ದಳು. ವಿಷಯ ಕೇಳಿ ಎದ್ದು ಹತ್ತಿರ ಬಂದು, “ತಾತ, ನನ್ನ ಮದುವೇಲಿ ನೀನು ಚಪ್ಪರದ ಕೆಳಗೆ ಇರ್ಬೇಕು, ಆಸ್ಪತ್ರೆ ಫ್ಯಾನಿನ ಕೆಳಗಲ್ಲ. ಬೀಗರ ಜೊತೆ ಆಡಿದ ಮಾತು ವಾಪಸ್ ತಗೋ,” ಅಂದಳು. ಮದುವೆಯಲ್ಲಿ ಇರ್ತೀನಿ ಅಂದೆ. ಮಾತು ವಾಪಸ್ ತಗೊಳ್ಳೋ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಆಯಸ್ಸೆಲ್ಲಾ ಉಂಡು ಗಳಿಸಿದ ಹೆಸರು ಅದು, ಬೇರೆ ಆಸ್ತಿ ಅಂತ ನನಗೇನಿದೆ?

ನನ್ನ ದೊಡ್ಡ ಅನುಮಾನ ರಾಗಿ ಬಗ್ಗೆ ಇತ್ತು. ಬೆಳೆಸಿದ ತಾಯಿಯನ್ನೇ ಬಿಡಿ ಅಂದ ಹಾಗಲ್ಲವಾ? ಹುಣಸೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ರಾಗಿ, ಸೊಪ್ಪು, ಕಾಳು ಎಲ್ಲಾ ಕರುಳಿಗೆ ಒಳ್ಳೆಯವೇ, ನಾರು ಇರುತ್ತೆ, ಚೆನ್ನಾಗಿರುವ ಕರುಳು ಅದರಿಂದಲೇ ಚೆನ್ನಾಗಿರೋದು. ಆದರೆ ಹುಣ್ಣು ಆಗಿರುವಾಗ ಒರಟು ಪದಾರ್ಥ ಹೋದರೆ ಗಾಯದ ಮೇಲೆ ಪೊರಕೆ ಆಡಿಸಿದ ಹಾಗೆ. ಈಗ ಮೆತ್ತಗಿನ ಅನ್ನ, ಹೆಸರುಬೇಳೆ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಬಾಳೆಹಣ್ಣು, ಒಗ್ಗಿದರೆ ಮೊಸರು. ಅದೂ ಸ್ವಲ್ಪ ಸ್ವಲ್ಪ, ಹಲವು ಸಲ. ಉರಿ ಆರಿದ ಮೇಲೆ ರಾಗಿ ಮೆಲ್ಲಗೆ ವಾಪಸ್ಸು ಬರಲಿ. ನನಗೆ ಅರ್ಥವಾಯಿತು. ಹೊಗೆಸೊಪ್ಪು ಕಾವು ಕೊಟ್ಟು ಒಣಗಿಸೋ ಬ್ಯಾರನ್ ಮನೆಯ ಒಲೆಗೆ ಬೆಂಕಿ ಹಾಕಿದವನು ನಾನು. ಒಳಗೆ ಕಾವು ಏರಿರುವಾಗ ಮತ್ತೆ ಸೌದೆ ಒಟ್ಟಿದರೆ ಸೊಪ್ಪು ಏನಾಗುತ್ತೆ ಅಂತ ಗೊತ್ತಿಲ್ಲವಾ?

ಗೊತ್ತಿದೆ, ಆದರೆ ಊರಿಗೆ ಏನು ಹೇಳೋದು? ನನ್ನ ಮನೆಯಿಂದ ಒಗ್ಗರಣೆ ವಾಸನೆ ನಿಂತದ್ದೇ ದೊಡ್ಡ ಸುದ್ದಿಯಾಗಿತ್ತು. ಮೊಮ್ಮಗಳ ಮದುವೆ ಚೆನ್ನಾಗಿ ಆಗಲಿ ಅಂತ ಹರಕೆ ಹೊತ್ತಿದ್ದೀನಿ, ಬೀಗರೂಟದ ದಿನ ತೀರಿಸ್ತೀನಿ ಅಂತ ಹಬ್ಬಿಸಿದೆ. ಜನ ಕೈ ಮುಗಿದರು. ಪಕ್ಕದ ಮನೆಯವನು ಮಾತ್ರ ದಿನಾ ಬಂದು ನನ್ನ ತಟ್ಟೆ ಇಣುಕಿ ನೋಡ್ತಿದ್ದ. ಒಂದು ದಿನ ತಡೆಯೋಕಾಗದೆ ಕೇಳಿದ:

“ಅಲ್ಲ ಕಣಣ್ಣ, ಕುರಿ ಕೇಳೋ ದೇವ್ರು ಗೊತ್ತು, ಕೋಳಿ ಕೇಳೋ ದೇವ್ರು ಗೊತ್ತು. ದಿನಾ ಸೋರೆಕಾಯಿ ಕೇಳೋ ದೇವ್ರು ಯಾವುದಣ್ಣ ಅದು?”

ಕೊಪ್ಪದ ಕಡುಬು

ಪಥ್ಯ ಹಿಡಿದ ಮೇಲೆ ರಕ್ತ ನಿಂತಿತು, ಹೊಟ್ಟೆ ತಣ್ಣಗಾಯಿತು. ಬುದ್ಧಿ ಇದ್ದವನು ಹಾಗೇ ಮುಂದುವರಿಸ್ತಿದ್ದ. ನಾನು ಶುಂಠಿ ವ್ಯಾಪಾರ ಮಾತಾಡೋಕೆ ಅಂತ ಕೊಪ್ಪಕ್ಕೆ ಹೋದೆ.

ಮಧ್ಯಾಹ್ನ ಆಯಿತು, ಹಸಿವು. ಬೈಲಕುಪ್ಪೆ ಪಕ್ಕದ ಊರಲ್ಲವಾ, ಅಲ್ಲಿ ಟಿಬೆಟಿನವರ ಒಂದು ಸಣ್ಣ ಹೋಟೆಲು. ಬಾಗಿಲಲ್ಲೇ ಹಬೆ ಏಳ್ತಾ ಇದೆ. ಡಾಕ್ಟರಮ್ಮ ಕರಿದದ್ದು ಬೇಡ, ಹಬೆಯಲ್ಲಿ ಬೇಯಿಸಿದ್ದು ಆಗಬಹುದು ಅಂದಿದ್ದರು. ಒಳಗೆ ಹೋಗಿ ನೋಡಿದರೆ ನಮ್ಮ ಕಡುಬಿನ ತಮ್ಮನ ಹಾಗೆ ಬೆಳ್ಳಗೆ ಇದೆ, ಮೋಮೊ ಅಂತೆ. ಇದಕ್ಕಿಂತ ಪಥ್ಯ ಯಾವುದು ಅಂತ ಕೂತುಬಿಟ್ಟೆ. ಮೈದಾ ಅನ್ನೋದು ಅದರೊಳಗೆ ಅಡಗಿ ಕೂತಿರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?

ಮೈದಾ ಹೋಗಲಿ, ಅದರ ಪಕ್ಕ ಒಂದು ಬಟ್ಟಲಲ್ಲಿ ಕೆಂಪು ಚಟ್ನಿ ಇಟ್ಟರು. ಅಂಗಡಿಯ ಯಜಮಾನರು ವಯಸ್ಸಾದವರು, ನನಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ. ಅದು ಖಾರ ಇದೆ ಅಣ್ಣ, ತುದಿ ಮಾತ್ರ ಮುಟ್ಟಿಸಿಕೊಳ್ಳಿ ಅಂತ ಬುದ್ಧಿ ಹೇಳಿದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗ್ತಿತ್ತು. ಆದರೆ ಅಕ್ಕಪಕ್ಕದ ಮೇಜಿನವರು ನನ್ನ ಕಡೆ ನೋಡ್ತಾ ಇದ್ದರು. ಹುಣಸೂರಿನ ಮರ್ಯಾದೆ ಪ್ರಶ್ನೆ. ಬಟ್ಟಲು ಎತ್ತಿ ಪೂರ್ತಿ ಸುರಿದುಕೊಂಡೆ. ಕಣ್ಣಲ್ಲಿ ನೀರು ಬಂತು. ದೇಶ ಬಿಟ್ಟು ಬಂದ ನಿಮ್ಮ ಕಷ್ಟ ನೆನೆದು ಅಳು ಬಂತು ಅಂದೆ. ಅವರು ನೀರಿನ ಲೋಟ ಮುಂದೆ ತಳ್ಳಿದರು.

ಬಸ್ಸು ಪಿರಿಯಾಪಟ್ಟಣ ಬಿಟ್ಟ ಸ್ವಲ್ಪ ಹೊತ್ತಿಗೆ ಒಳಗಿನ ನಗಾರಿ ಶುರುವಾಯಿತು. ಎದ್ದು ಹೋಗಿ ಗಾಡಿ ನಿಲ್ಲಿಸಪ್ಪ ಅಂದೆ. ಕಂಡಕ್ಟರು, ಇಲ್ಲಿ ಸ್ಟಾಪ್ ಇಲ್ಲ ಕಣಜ್ಜ, ಮುಂದಿನ ಊರಲ್ಲಿ ಇಳೀರಿ ಅಂದ.

“ನೀನು ನಿಲ್ಲಿಸ್ದೆ ಇದ್ರೆ ಸ್ಟಾಪು ಬಸ್ಸಿನೊಳಗೇ ಆಯ್ತದೆ,” ಅಂದೆ.

ಡ್ರೈವರು ಅಲ್ಲೇ ಬ್ರೇಕು ಒತ್ತಿದ. ಜೋಳದ ಹೊಲದಲ್ಲಿ ನನ್ನ ಕೆಲಸ ಮುಗಿಸಿ ಬರೋವರೆಗೆ ಬಸ್ಸು ಕಾದಿತ್ತು. ಹತ್ತಿದರೆ ಬಾಗಿಲ ಪಕ್ಕದ ಮೂರಾಳಿನ ಸೀಟು ಪೂರ್ತಿ ಖಾಲಿ, ಅದರ ಹಿಂದಿನದೂ ಖಾಲಿ, ಕಿಟಕಿಗಳೆಲ್ಲ ತೆಗೆದಿವೆ. ಮಂತ್ರಿ ಬಂದರೂ ನಮ್ಮ ಜನ ಅಷ್ಟು ಬೇಗ ಜಾಗ ಬಿಡಲ್ಲ.

ಸುಮ್ಮನೆ ನಗ್ತಾ ಹೇಳ್ತಿದ್ದೀನಿ, ಆದರೆ ಮಾರನೇ ದಿನ ಮತ್ತೆ ರಕ್ತ ಕಂಡಿತು. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಇನ್ನೊಂದು ಸಲ ಹೀಗಾದರೆ ನೇರ ಮೈಸೂರಿಗೆ ಕಳಿಸಿ ಮಂಚಕ್ಕೆ ಹಾಕಿಸ್ತೀನಿ, ಮದುವೆ ಮುಂಜಿ ನೋಡಲ್ಲ ಅಂದರು. ಮೊಮ್ಮಗಳು ಎದ್ದು ಒಳಗೆ ಹೋಗಿ ನನಗೆ ಮೊಸರನ್ನ ಕಲಸಿಕೊಂಡು ಬಂದಳು. ಅವಳು ಬೈದಿದ್ದರೆ ವಾಸಿ ಇತ್ತು.

ಗೋಡೆ ಪಕ್ಕದ ಎಲೆ

ಮದುವೆ ಆಯಿತು, ನಾನು ಚಪ್ಪರದ ಕೆಳಗೇ ಇದ್ದೆ. ಉಳಿದದ್ದು ಬೀಗರೂಟ. ಭೇರ್ಯದಿಂದ ಬಸ್ಸು ಮಾಡಿಕೊಂಡು ಬರ್ತಾರೆ, ಅರ್ಧ ಜನ ಬರೋದೇ ಎರಡು ಮುದುಕರ ಪಂದ್ಯ ನೋಡೋಕೆ ಅಂತ ಸುದ್ದಿ ಬಂತು. ಉಂಡರೆ ಕರುಳು ಹೋಗುತ್ತೆ, ಉಣ್ಣದಿದ್ದರೆ ಹೆಸರು ಹೋಗುತ್ತೆ. ಮನೆ ಯಜಮಾನನೇ ಮುಟ್ಟದ ಊಟ ನಮಗೆ ಬಡಿಸಿದರು ಅಂತ ಬೀಗರು ಮುನಿಸಿಕೊಂಡರೆ ಮೊಮ್ಮಗಳು ಆ ಮನೆಯಲ್ಲಿ ಬಾಳಬೇಕಲ್ಲ, ಅದೂ ಒಂದು.

ದಾರಿ ಹುಡುಕಿದ್ದು ನಮ್ಮವಳು. ಅಕ್ಕಿ ಹಿಟ್ಟಿನ ಮೆತ್ತನೆ ಮುದ್ದೆ ಮಾಡಿ, ಬಣ್ಣ ಬರೋಷ್ಟು ಮಾತ್ರ ಬಟ್ಟೆಯಲ್ಲಿ ಸೋಸಿದ ರಾಗಿ ಹಿಟ್ಟು ಸೇರಿಸಿದಳು. ಹೆಸರುಬೇಳೆ ಸಾರಿಗೆ ಕೊತ್ತಂಬರಿ ಸೊಪ್ಪು ರುಬ್ಬಿ ಹಾಕಿ, ಮೆಣಸಿನಕಾಯಿಯ ನೆರಳೂ ಸೋಕಿಸದೆ, ಸೋರೆಕಾಯಿಯನ್ನ ಮಟನ್ ಚೂರಿನ ಆಕಾರಕ್ಕೆ ಕತ್ತರಿಸಿ ಬೇಯಿಸಿದಳು. ದೂರದಿಂದ ನೋಡಿದರೆ ನನಗೇ ಬಾಯಲ್ಲಿ ನೀರು ಬಂತು. ಬಡಿಸೋ ಕೆಲಸ ಬೀಚನಹಳ್ಳಿಯ ಬಾಮೈದನಿಗೆ. ಮುಖ ನೋಡ್ಕೊಂಡು ನಿಂತರೆ ಗುಟ್ಟು ಗೊತ್ತಾಗುತ್ತೆ ಕಣೋ, ಗೋಡೆ ಪಕ್ಕದ ಎಲೆ ನಿನ್ನ ಭಾವನದು, ತಲೆ ತಗ್ಗಿಸಿ ಆ ಎಲೆಗೆ ಮಾತ್ರ ಈ ಪಾತ್ರೆಯಿಂದ ಬಡಿಸು ಅಂತ ಅವನಿಗೆ ಹೇಳಿಟ್ಟಿದ್ದಳು.

ಪಂಕ್ತಿಯ ಹೊತ್ತಾಯಿತು. ಭೇರ್ಯದವರು, ನಮ್ಮೂರಿನವರು ಸುತ್ತ ನಿಂತರು. ಹುಡುಗನ ತಾತ, ನನ್ನ ಬೀಗರು, ಮೀಸೆ ಸವರುತ್ತಾ ಬಂದರು. ಗೋಡೆ ಪಕ್ಕದ ಕುರ್ಚಿಯೇ ಪಂಕ್ತಿಯ ಮೊದಲನೆಯದು. ನೀವು ಹಿರೀರು, ನೀವೇ ಅಲ್ಲಿ ಕೂತ್ಕೊಳ್ಳಿ ಅಂತ ಅವರೇ ಅಂದರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮುಗಿದಿತ್ತು. ಆದರೆ ಬೀಗರು ಮರ್ಯಾದೆ ಕೊಟ್ಟಾಗ ಅದಕ್ಕಿಂತ ದೊಡ್ಡ ಮರ್ಯಾದೆ ವಾಪಸ್ ಕೊಡದೆ ಕೂರೋ ಜಾತಿ ನಮ್ಮದಲ್ಲ. ಅಷ್ಟು ಜನರ ಎದುರಿಗೆ ನನ್ನ ನಾಲಿಗೆ ತಾನಾಗೇ ಹೊರಟಿತು.

“ಎಲ್ಲಾದ್ರೂ ಉಂಟಾ ಬೀಗ್ರೇ, ನಮ್ಮನೆಗೆ ಬಂದು ನೀವು ಎರಡ್ನೇ ಎಲೆಗೆ ಕೂರೋದಾ?”

ಅಂದವನು ಅವರ ಭುಜ ಹಿಡಿದು ಗೋಡೆ ಪಕ್ಕದ ಕುರ್ಚಿಗೆ ಒತ್ತಿ ಕೂರಿಸಿಬಿಟ್ಟೆ. ಜನ ಭೇಷ್ ಅಂದರು. ನಾನು ರಾಜನ ಹಾಗೆ ಪಕ್ಕದಲ್ಲಿ ಕೂತೆ. ಕೂತ ಮೇಲೆ ನೆನಪಾಯಿತು.

ಅಷ್ಟರಲ್ಲಿ ಬಾಮೈದ ತಲೆ ತಗ್ಗಿಸಿಕೊಂಡು ಬಂದು, ಅಕ್ಕ ಹೇಳಿದ ಹಾಗೆಯೇ, ಗೋಡೆ ಪಕ್ಕದ ಎಲೆಗೆ ಮುದ್ದೆ ಇಟ್ಟ, ಸೋರೆಕಾಯಿ ಸಾರು ಸುರಿದ, ಆಮೇಲೆ ತಲೆ ಎತ್ತಿದ. ಅವನ ಮುಖದ ಬಣ್ಣ ಇಳಿಯೋದನ್ನ ನಾನು ಕಣ್ಣಾರೆ ಕಂಡೆ. ಬೀಗರ ಎಲೆಗೆ ಬಿದ್ದ ಮುದ್ದೆಯನ್ನ ವಾಪಸ್ ಎತ್ತೋದು ಅಂದರೆ ಸಂಬಂಧ ಮುರಿದ ಹಾಗೆ. ಅವನು ಹಾಗೇ ಹಿಂದೆ ಸರಿದ. ಇನ್ನೊಬ್ಬ ಬಂದು ನನ್ನ ಎಲೆಗೆ ನಿಜವಾದ ರಾಗಿ ಮುದ್ದೆ, ಎಣ್ಣೆ ತೇಲುವ ಮಟನ್ ಸಾರು, ಕೆಂಪಗೆ ಮಿನುಗುವ ಬೋಟಿ ಗೊಜ್ಜು ಬಡಿಸಿ ಹೋದ.

ಎಷ್ಟು ತಿಂಗಳಾಗಿತ್ತು ಅದರ ವಾಸನೆ ಕಂಡು. ಒಂದು ಕಡೆ ನಾನು, ಇನ್ನೊಂದು ಕಡೆ ಬೋಟಿ, ನಡುವೆ ಯಾರೂ ಇಲ್ಲ. ಕೈ ತಾನಾಗೇ ಮುದ್ದೆ ಮುರಿದು ಗೊಜ್ಜಿಗೆ ಅದ್ದಿತು. ಬಾಯಿ ಹತ್ತಿರ ತಂದೆ. ಎದುರಿಗೆ ಬಾಗಿಲಲ್ಲಿ ಮೊಮ್ಮಗಳು ಹೊಸ ಸೀರೆಯಲ್ಲಿ ನಿಂತಿದ್ದಳು. ನನ್ನ ಕೈಯನ್ನೇ ನೋಡ್ತಾ ಇದ್ದಳು. ತುತ್ತು ಎಲೆಗೆ ವಾಪಸ್ಸು ಬಂತು.

ಆ ಕಡೆ ಬೀಗರು ಒಂದು ತುತ್ತು ನುಂಗಿದರು. ಹುಬ್ಬು ಮೇಲೆ ಹೋಯಿತು. ಸೋರೆಕಾಯಿ ಚೂರೊಂದನ್ನ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಕಣ್ಣು ತೆಗೆದು ಎಲ್ಲರಿಗೂ ಕೇಳಿಸೋ ಹಾಗೆ, ಬಲು ಎಳೇ ಮರಿ ಕಣ್ರೀ ಅಂದರು. ಆಮೇಲೆ ಆ ಮನುಷ್ಯ ಉಂಡ ವೈಖರಿ, ನಾನು ನನ್ನ ಬಗ್ಗೆ ಹೇಳಿಕೊಂಡ ಸುಳ್ಳಿನಲ್ಲೂ ಅಂಥದ್ದು ಇಲ್ಲ. ಮುದ್ದೆ ಮೇಲೆ ಮುದ್ದೆ, ಸೌಟಿನ ಮೇಲೆ ಸೌಟು. ಬೇರೆಯವರು ಬಡಿಸೋಕೆ ಬಂದರೆ ಕೈ ಅಡ್ಡ ಹಿಡಿದು, ಆ ಪಾತ್ರೆಯದೇ ಬರಲಿ ಅಂತ ನನ್ನ ಬಾಮೈದನನ್ನೇ ಕರೀತಾರೆ. ಭೇರ್ಯದವರು ಶಿಳ್ಳೆ ಹಾಕಿದರು. ನಾನು ಎಲೆಯ ಮೇಲಿನ ಬೋಟಿಯನ್ನ ಈ ಮೂಲೆಯಿಂದ ಆ ಮೂಲೆಗೆ ಮೇಯಿಸ್ತಾ ಕೂತೆ. ನಮ್ಮೂರಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಇನ್ನು ಆಗಲ್ಲ ಅನ್ನಿಸಿ ಎದ್ದು ಹೋಗಿ ಕೈ ತೊಳೆದುಬಿಟ್ಟೆ. ಇಡೀ ಚಪ್ಪರ ಕೂಗಿತು. ನನ್ನ ಹೆಸರು ನೀರಿನ ಜೊತೆ ಮೋರಿಗೆ ಹೋಯಿತು.

ತೊಟ್ಟಿ ಹತ್ತಿರ ಹಾಗೇ ನಿಂತಿದ್ದೆ. ಬೀಗರು ಕೈ ತೊಳೆಯೋ ನೆಪದಲ್ಲಿ ಪಕ್ಕಕ್ಕೆ ಬಂದರು. ಅತ್ತಿತ್ತ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು. ನೋಡಿದರೆ ಕಣ್ಣಲ್ಲಿ ನೀರು.

“ಬೀಗ್ರೇ, ನನ್ನ ಕರುಳಲ್ಲಿ ಹುಣ್ಣಾಗಿರೋದು ನಮ್ಮನೇಲೇ ಯಾರ್ಗೂ ಗೊತ್ತಿಲ್ಲ. ಈ ಊಟ ನೆನೆಸ್ಕೊಂಡು ನಿದ್ದೆ ಬತ್ತಿರ್ನಿಲ್ಲ ನಂಗೆ. ನಿಮ್ಗೆ ಎಂಗೆ ಗೊತ್ತಾಯ್ತೋ ಕಾಣೆ. ನಂಗೆ ಪಥ್ಯ ಮಾಡ್ಸಿ, ಆ ಎಲೆಗೆ ನನ್ನ ಒತ್ತಿ ಕೂರ್ಸಿ, ನನ್ನ ಮಾನ ಉಳೀಲಿ ಅಂತ ಬೇಕಂತ ಸೋತ್ರಲ್ಲ. ಎಂಥಾ ದೊಡ್ಡ ಮನಸು ನಿಮ್ದು.”

ನಿಜ ಹೇಳಬೇಕು ಅಂತ ಬಾಯಿ ತೆಗೆದೆ. ಆದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ.

“ಬುಡಿ ಬೀಗ್ರೇ, ಅದೇನು ಮಹಾ,” ಅಂದೆ. “ಸಂಬಂಧ ಅಂದ್ಮೇಲೆ ಅಷ್ಟೂ ಮಾಡ್ದೆ ಇದ್ರೆ ಎಂಗೆ?”

ಹಿಂದೆ ಟವಲು ಹಿಡಿದು ನಿಂತಿದ್ದ ನಮ್ಮವಳು ಎಲ್ಲಾ ಕೇಳಿಸಿಕೊಂಡಿದ್ದಳು. ಟವಲನ್ನ ಬೀಗರ ಕೈಗೆ ಕೊಟ್ಟು, ಅಣ್ಣ, ಪಾತ್ರೇಲಿ ಉಳಿದಿರೋ ಮುದ್ದೆ ಸಾರು ಪೂರ್ತಿ ನಿಮಗೇ ಡಬ್ಬಿಗೆ ಹಾಕಿಕೊಡ್ತೀನಿ, ಸಂಜೆಗೆ ಆಯ್ತದೆ ಅಂದಳು. ನನಗೆ ಅಂತ ಉಳಿದಿದ್ದದ್ದು ಅದೊಂದೇ. ನಾನು ಅವಳ ಮುಖ ನೋಡಿದೆ.

“ಇವ್ರದ್ದು ಯೋಚ್ನೆ ಮಾಡ್ಬೇಡಿ,” ಅಂದಳು ಬೀಗರಿಗೆ. “ಇವ್ರು ದೊಡ್ಡ ಮನಸಿನೋರು.”

ಅವತ್ತು ಎರಡು ಊರು ಉಂಡು ತೇಗಿದವು. ಊಟ ಹಾಕಿಸಿದ ಯಜಮಾನ ಮಾತ್ರ ಒಂದು ಬಾಳೆಹಣ್ಣು ತಿಂದು, ಆ ದೊಡ್ಡ ಮನಸ್ಸನ್ನ ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಿದ.